ಕಾನೂನು ಗ್ರಂಥಪಾಲಕರ ಅಂತರರಾಷ್ಟ್ರೀಯ ಸಮ್ಮೇಳನ: ಯಾವುದಕ್ಕೆ ಹೋಗಬೇಕು, ಏನನ್ನು ಒಯ್ಯಬೇಕು?

ಪ್ರಶ್ನೆ: ಗ್ರಂಥಪಾಲಕಿ, ಧಾರವಾಡ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಅನುದಾನಿತ ಕಾನೂನು ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಗ್ರಂಥಪಾಲಕಿಯಾಗಿದ್ದೇನೆ. ನಮ್ಮದು ದೊಡ್ಡ ಗ್ರಂಥಾಲಯವೇನಲ್ಲ. ನ್ಯಾಯಾಲಯದ ತೀರ್ಪುಗಳ ವರದಿಗಳಾದ ಎಐಆರ್‌ನ ಹಳೆಯ ಸಂಪುಟಗಳು ಮತ್ತು ಐಎಲ್‌ಆರ್ ಕರ್ನಾಟಕ ಸರಣಿ, ಒಂದು ಆನ್‌ಲೈನ್ ಡೇಟಾಬೇಸಿನ ಚಂದಾ, ಪರೀಕ್ಷೆ ಹತ್ತಿರವಾದಾಗ ಮಾತ್ರ ತುಂಬುವ ಓದುವ ಕೋಣೆ, ಇಷ್ಟೇ ನಮ್ಮ ಆಸ್ತಿ. ಈ ವರ್ಷ ಆಡಳಿತ ಮಂಡಳಿಯವರು ಸಿಬ್ಬಂದಿಯಲ್ಲಿ ಒಬ್ಬರು ವಿದೇಶದ ಸಮ್ಮೇಳನಕ್ಕೆ ಹೋಗುವುದಾದರೆ ವೆಚ್ಚದ ಅರ್ಧವನ್ನು ಭರಿಸುವುದಾಗಿ ಹೇಳಿದ್ದಾರೆ. ಪ್ರಾಂಶುಪಾಲರು ಆ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿದ್ದಾರೆ. ಉಪನ್ಯಾಸಕರ ನಡುವೆ ಗ್ರಂಥಪಾಲಕರ ಹೆಸರು ಬಂದದ್ದು ನಮ್ಮಲ್ಲಿ ಇದೇ ಮೊದಲು. ಆದ್ದರಿಂದ ಈ ಅವಕಾಶವನ್ನು ತಪ್ಪು ಜಾಗಕ್ಕೆ ಹೋಗಿ ಹಾಳುಮಾಡಿಕೊಳ್ಳಬಾರದೆಂಬ ಅಂಜಿಕೆ ನನಗಿದೆ.

ಹುಡುಕಿದಾಗ ಹಲವು ಹೆಸರುಗಳು ಸಿಕ್ಕವು. ಕಾನೂನು ಗ್ರಂಥಾಲಯಗಳ ಅಂತರರಾಷ್ಟ್ರೀಯ ಸಂಘ, ಅಮೆರಿಕದ ಕಾನೂನು ಗ್ರಂಥಾಲಯಗಳ ಸಂಘ, ಬ್ರಿಟನ್ ಮತ್ತು ಐರ್ಲೆಂಡಿನ ಸಂಘ, ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ. ಇವುಗಳ ನಡುವಿನ ವ್ಯತ್ಯಾಸ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಇದರ ಜೊತೆಗೆ ಕಳೆದ ವಾರ ನನಗೊಂದು ಆಹ್ವಾನದ ಇಮೇಲ್ ಬಂದಿದೆ. ಬ್ಯಾಂಕಾಕಿನಲ್ಲಿ ಎರಡು ದಿನಗಳ ಸಮ್ಮೇಳನವಂತೆ. ವಿಷಯ ಕಾನೂನು, ನಿರ್ವಹಣೆ, ನರ್ಸಿಂಗ್ ಮತ್ತು ಗ್ರಂಥಾಲಯ ವಿಜ್ಞಾನ. ಶುಲ್ಕ ಕಟ್ಟಿದರೆ ಪ್ರಬಂಧ ಸ್ವೀಕೃತವಾದಂತೆಯೇ ಎಂದು ಅವರೇ ಬರೆದಿದ್ದಾರೆ.

ಕಾನೂನು ಗ್ರಂಥಾಲಯಗಳಲ್ಲಿ ಮಾಹಿತಿ ತಂತ್ರಜ್ಞಾನದ ಬಳಕೆ ಎಂಬ ವಿಷಯದ ಮೇಲೆ ಒಂದು ಸಾರಾಂಶವನ್ನು ಸಿದ್ಧಮಾಡಿಟ್ಟಿದ್ದೇನೆ. ನನ್ನಂಥವರು ಅಲ್ಲಿ ಹೋಗಿ ಕುಳಿತು ಕೇಳಿ ಬರುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಏನಾದರೂ ದಕ್ಕುತ್ತದೆಯೇ, ಹೋಗುವುದಾದರೆ ಯಾವುದಕ್ಕೆ ಹೋಗಬೇಕು, ಕಾಗದಪತ್ರಗಳನ್ನು ಯಾವಾಗ ಶುರುಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಗ್ರಂಥಪಾಲಕ, ಮೈಸೂರು

ಮೇಡಂ, ಮೊದಲು ಆ ಬ್ಯಾಂಕಾಕಿನ ಇಮೇಲನ್ನು ಅಳಿಸಿಬಿಡಿ. ನರ್ಸಿಂಗ್ ಮತ್ತು ಕಾನೂನು ಒಂದೇ ಹಾಲಿನಲ್ಲಿ ಕೂರುವ ಸಮ್ಮೇಳನದಲ್ಲಿ ನಿಮಗೆ ಸಿಗುವುದು ಪ್ರಮಾಣಪತ್ರ ಮತ್ತು ಒಂದು ಗುಂಪು ಫೋಟೊ ಮಾತ್ರ. ಬಡ್ತಿಯ ಅಂಕಗಳಿಗಾಗಿ ಇಂಥವುಗಳಿಗೆ ಹಣ ಸುರಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ರಬಂಧವನ್ನು ಓದದೆಯೇ ಒಪ್ಪಿಕೊಳ್ಳುವವರು ಅದನ್ನು ಕೇಳುವುದೂ ಇಲ್ಲ.

ಇನ್ನು ನಿಜವಾದವುಗಳ ಮಾತು. ಇಫ್ಲಾ ಎಲ್ಲ ಬಗೆಯ ಗ್ರಂಥಾಲಯಗಳ ಜಾತ್ರೆ. 1927ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ಸಂಸ್ಥೆ, 1992ರಲ್ಲಿ ನಮ್ಮ ದೆಹಲಿಯಲ್ಲೂ ಅದರ ಸಮ್ಮೇಳನ ನಡೆದಿತ್ತು. ಅಲ್ಲಿ ಕಾನೂನು ಗ್ರಂಥಾಲಯಗಳದ್ದು ಒಂದು ವಿಭಾಗ ಮಾತ್ರ. ಅಮೆರಿಕದ ಸಂಘದ ಬಗ್ಗೆ ಅಲ್ಲಿರುವವರೇ ಹೇಳಲಿ. ನಾನು ಬಲ್ಲದ್ದು ಕಾನೂನು ಗ್ರಂಥಾಲಯಗಳ ಅಂತರರಾಷ್ಟ್ರೀಯ ಸಂಘವನ್ನು. 1959ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಈ ಸಂಘ ಪ್ರತಿವರ್ಷ ಒಂದೊಂದು ದೇಶದಲ್ಲಿ ಸೇರುತ್ತದೆ. ಅವರು ಅದನ್ನು ಸಮ್ಮೇಳನ ಎನ್ನದೆ ವಾರ್ಷಿಕ ಕೋರ್ಸ್ ಎಂದು ಕರೆಯುವುದಕ್ಕೆ ಕಾರಣವಿದೆ. ಅಲ್ಲಿ ಕ್ಯಾಟಲಾಗು, ಸಾಫ್ಟ್‌ವೇರುಗಳ ಮಾತಿಗಿಂತ ಆತಿಥೇಯ ದೇಶದ ಕಾನೂನಿನ ಮೇಲಿನ ಉಪನ್ಯಾಸಗಳೇ ಹೆಚ್ಚು. ಆ ದೇಶದ ನ್ಯಾಯಾಧೀಶರು, ಪ್ರಾಧ್ಯಾಪಕರು ಬಂದು ಪಾಠ ಮಾಡುತ್ತಾರೆ. ಸೇರುವವರು ಕಡಿಮೆ, ಆದ್ದರಿಂದ ಮೂರನೆಯ ದಿನದ ಹೊತ್ತಿಗೆ ಎಲ್ಲರ ಮುಖಪರಿಚಯವೂ ಆಗಿರುತ್ತದೆ.

2007ರಲ್ಲಿ ಈ ಕೋರ್ಸ್ ಮುಂಬಯಿಗೆ ಬಂದಿತ್ತು. ಪಾಸ್‌ಪೋರ್ಟ್ ಬೇಡ, ರೈಲಿನಲ್ಲಿ ಹೋಗಿಬರಬಹುದು ಎಂಬ ಒಂದೇ ಕಾರಣಕ್ಕೆ ನಾನೂ ಹೋಗಿದ್ದೆ. ಒಂದು ಸಂಜೆ ಚಹಾದ ವೇಳೆಯಲ್ಲಿ ಜರ್ಮನಿಯ ಗ್ರಂಥಪಾಲಕಿಯೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ಸಂಶೋಧಕರೊಬ್ಬರಿಗೆ 1950ರ ದಶಕದ ಕರ್ನಾಟಕದ ಭೂಕಂದಾಯ ಕಾನೂನು ಬೇಕಾಗಿತ್ತಂತೆ, ಅದು ಯಾವುದು ಎಂದು. ನಾನು ಹುಮ್ಮಸ್ಸಿನಿಂದ 1888ರ ಮೈಸೂರು ಭೂಕಂದಾಯ ಸಂಹಿತೆ ಎಂದೆ. ಹೇಳಿದ ಮರುಕ್ಷಣವೇ ನನ್ನ ಉತ್ತರ ಐದರಲ್ಲಿ ಒಂದು ಪಾಲು ಮಾತ್ರ ಸರಿಯೆಂದು ಹೊಳೆಯಿತು. ಬೆಳಗಾವಿ, ಧಾರವಾಡ, ವಿಜಯಪುರಗಳಲ್ಲಿ ನಡೆಯುತ್ತಿದ್ದುದು 1879ರ ಮುಂಬಯಿ ಭೂಕಂದಾಯ ಸಂಹಿತೆ. ಕಲಬುರಗಿ, ರಾಯಚೂರು, ಬೀದರಗಳಲ್ಲಿ ಹೈದರಾಬಾದಿನ 1317ನೆಯ ಫಸಲಿಯ ಭೂಕಂದಾಯ ಕಾಯ್ದೆ. ಫಸಲಿ ಎಂದರೆ ಅಲ್ಲಿನ ಕಂದಾಯ ವರ್ಷ, ಅದಕ್ಕೆ 590 ಕೂಡಿಸಿದರೆ ಕ್ರಿಸ್ತಶಕ 1907 ಎಂಬುದು ಆ ಭಾಗದ ಹಳೆಯ ಗುಮಾಸ್ತರಿಗೆ ಬಾಯಿಪಾಠ, ಆದರೆ ಜರ್ಮನಿಯವರಿಗೆ ಅದು ಹೇಗೆ ತಿಳಿಯಬೇಕು? ಕೊಡಗಿಗೆ 1899ರ ಪ್ರತ್ಯೇಕ ರೆಗ್ಯುಲೇಶನ್. ದಕ್ಷಿಣ ಕನ್ನಡಕ್ಕೆ ಮದರಾಸಿನ ಕಾಯ್ದೆಗಳು ಮತ್ತು ಅಲ್ಲಿನ ರೆವಿನ್ಯೂ ಬೋರ್ಡಿನ ಸ್ಥಾಯಿ ಆದೇಶಗಳು. ಬಳ್ಳಾರಿಯ ಕಥೆ ಇನ್ನೂ ಬೇರೆ. ಅದು ಮದರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ್ದು 1953ರಲ್ಲಿ.

1956ರ ನವೆಂಬರ್ 1ರಂದು ರಾಜ್ಯಗಳು ಒಂದಾದವು, ಆದರೆ ಕಾನೂನುಗಳು ಅಂದೇ ಒಂದಾಗಲಿಲ್ಲ. ರಾಜ್ಯಗಳ ಪುನರ್‌ವಿಂಗಡಣಾ ಕಾಯ್ದೆಯ 119ನೆಯ ಪ್ರಕರಣದ ಪ್ರಕಾರ, ಶಾಸಕಾಂಗ ಬೇರೆ ಏರ್ಪಾಡು ಮಾಡುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನು ಆಯಾ ಪ್ರದೇಶದಲ್ಲಿಯೇ ಮುಂದುವರಿಯಿತು. ಭೂಕಂದಾಯದ ಮಟ್ಟಿಗೆ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಜಾರಿಗೆ ಬಂದದ್ದು 1964ರ ಏಪ್ರಿಲ್ 1ರಂದು. ಅದಕ್ಕಿಂತ ಹಿಂದಿನ ಹಕ್ಕಿನ ದಾವೆ ಇಂದಿಗೂ ಬಂದರೆ ವಕೀಲರು ನಮ್ಮ ಬಳಿಗೇ ಓಡಿಬರುತ್ತಾರಲ್ಲವೇ? ಇದನ್ನೆಲ್ಲ ನಾನು ಆ ಜರ್ಮನ್ ಮಹಿಳೆಗೆ ಅರ್ಧ ಗಂಟೆ ವಿವರಿಸಿದೆ. ಸುತ್ತ ಇನ್ನೂ ನಾಲ್ವರು ಬಂದು ನಿಂತರು. ಒಬ್ಬರು ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದರು. ಅಷ್ಟು ವರ್ಷಗಳ ಸೇವೆಯಲ್ಲಿ ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಆದ್ದರಿಂದ ನನ್ನ ಸಲಹೆ ಇಷ್ಟೇ. ನಿಮ್ಮ ಮಾಹಿತಿ ತಂತ್ರಜ್ಞಾನದ ಸಾರಾಂಶವನ್ನು ಬದಿಗಿಡಿ. ಆ ವಿಷಯವನ್ನು ನಿಮಗಿಂತ ಚೆನ್ನಾಗಿ ಹೇಳುವವರು ಅಲ್ಲಿ ನೂರು ಜನ ಇರುತ್ತಾರೆ. ನಿಮ್ಮ ಕಪಾಟಿನಲ್ಲಿದ್ದು ಅವರ ಕಪಾಟಿನಲ್ಲಿ ಇಲ್ಲದ್ದು ಏನು ಎಂಬುದನ್ನು ಮೊದಲು ನೋಡಿಕೊಳ್ಳಿ.

ಉತ್ತರ: ಅಮೆರಿಕದ ಒಂದು ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದಲ್ಲಿರುವ ಕನ್ನಡಿತಿ

ಮೈಸೂರಿನ ಹಿರಿಯರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಈ ಬದಿಯಿಂದ ಸ್ವಲ್ಪ ಸೇರಿಸುತ್ತೇನೆ. ಅಮೆರಿಕದ ಕಾನೂನು ಗ್ರಂಥಾಲಯಗಳ ಸಂಘ 1906ರಲ್ಲಿ ಸ್ಥಾಪನೆಯಾದದ್ದು. ಅದರ ವಾರ್ಷಿಕ ಸಭೆ ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ, ವರ್ಷಕ್ಕೊಂದು ನಗರದಲ್ಲಿ ನಡೆಯುತ್ತದೆ. 2023ರಲ್ಲಿ ಬಾಸ್ಟನ್, 2024ರಲ್ಲಿ ಶಿಕಾಗೊ, 2025ರಲ್ಲಿ ಪೋರ್ಟ್‌ಲೆಂಡ್. ಏಕಕಾಲಕ್ಕೆ ಹಲವು ಕೋಣೆಗಳಲ್ಲಿ ಗೋಷ್ಠಿಗಳು, ಕೆಳಗೆ ಡೇಟಾಬೇಸ್ ಕಂಪನಿಗಳ ಮಳಿಗೆಗಳ ದೊಡ್ಡ ಸಭಾಂಗಣ. ಮೊದಲ ಸಲ ಬಂದವರು ಆ ಮಳಿಗೆಗಳಲ್ಲಿ ಉಚಿತ ಪೆನ್ನು, ಚೀಲಗಳನ್ನು ಕೂಡಿಸಿಕೊಳ್ಳುತ್ತಾ ಅರ್ಧ ದಿನ ಕಳೆಯುವುದುಂಟು; ನಾನೂ ಕಳೆದಿದ್ದೇನೆ. ಕಾರ್ಯಕ್ರಮದ ಬಹುಪಾಲು ಅಮೆರಿಕದ ಕಾನೂನು ಕಾಲೇಜುಗಳ ಮತ್ತು ವಕೀಲಿ ಸಂಸ್ಥೆಗಳ ಅಗತ್ಯಗಳ ಸುತ್ತಲೇ ಇರುತ್ತದೆ ಎಂಬುದನ್ನು ಮರೆಮಾಚದೆ ಹೇಳುತ್ತೇನೆ.

ಆದರೆ ಈ ಸಂಘದೊಳಗೆ ವಿದೇಶಿ, ತೌಲನಿಕ ಮತ್ತು ಅಂತರರಾಷ್ಟ್ರೀಯ ಕಾನೂನಿನ ಗ್ರಂಥಪಾಲಕರದೇ ಆದ ಒಂದು ವಿಶೇಷ ವಿಭಾಗವಿದೆ. ಹೊರದೇಶದ ಕಾನೂನು ಗ್ರಂಥಪಾಲಕರು ವಾರ್ಷಿಕ ಸಭೆಗೆ ಬರಲೆಂದು ಆ ವಿಭಾಗ ಶೇಫರ್ ಹೆಸರಿನ ಅನುದಾನವನ್ನು ಇಟ್ಟಿದೆ. ನೋಂದಣಿ ಶುಲ್ಕದ ವಿನಾಯಿತಿ ಮತ್ತು ಪ್ರಯಾಣಕ್ಕೆ ನೆರವು ಅದರಲ್ಲಿ ಸೇರಿರುತ್ತದೆ. ಅಂತರರಾಷ್ಟ್ರೀಯ ಸಂಘವೂ ತನ್ನ ವಾರ್ಷಿಕ ಕೋರ್ಸಿಗೆ ಸಹಾಯಧನ ಕೊಡುತ್ತದೆ. ನಿಮ್ಮ ಆಡಳಿತ ಮಂಡಳಿಯವರ ಅರ್ಧ ಮತ್ತು ಇಂಥದ್ದೊಂದು ಸೇರಿದರೆ ನಿಮ್ಮ ಕೈಯಿಂದ ಹೋಗುವುದು ಬಹಳ ಕಡಿಮೆಯಾಗುತ್ತದೆ.

ಇಲ್ಲಿನವರಿಗೆ ಭಾರತದಿಂದ ಏನು ಬೇಕು ಎಂಬುದನ್ನೂ ಹೇಳಬೇಕು. ನಮ್ಮ ಕಪಾಟುಗಳಲ್ಲಿ ಭಾರತದ ಕಾನೂನಿಗೆ ಕೆಎನ್‌ಎಸ್ ಎಂಬ ವರ್ಗಸಂಖ್ಯೆ, ರಾಜ್ಯಗಳಿಗೆ ಅದರ ನಂತರದ ಅಕ್ಷರಗಳು. ಕೆಎನ್‌ಎಸ್ ಸಾಲು ಸಾಕಷ್ಟು ಉದ್ದವಿದೆ. ರಾಜ್ಯಗಳ ಸಾಲಿಗೆ ಬಂದರೆ ಹಲಗೆ ಬರಿದಾಗುತ್ತಾ ಹೋಗುತ್ತದೆ. ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ಪುಸ್ತಕಗಳನ್ನು ಸಂಗ್ರಹಿಸುತ್ತಾ ಬಂದಿದೆ, ಆದರೂ ಸಂಸ್ಥಾನಗಳ ಕಾಲದ ಕಾಯ್ದೆ, ಸುತ್ತೋಲೆಗಳನ್ನು ಕೇಳಿಕೊಂಡು ಬರುವ ಸಂಶೋಧಕರ ಮುಂದೆ ನಾವು ಕೈಕಟ್ಟಿ ನಿಲ್ಲುತ್ತೇವೆ. ಮೈಸೂರು ಲಾ ಜರ್ನಲ್ಲಿನ ಒಂದು ಉಲ್ಲೇಖವನ್ನು ಬಿಡಿಸಲು ನನಗೆ ಒಮ್ಮೆ ಎರಡು ವಾರ ಹಿಡಿಯಿತು. ಕೊನೆಗೆ ಪುಟದ ಚಿತ್ರ ತೆಗೆದು ಕಳುಹಿಸಿದ್ದು ಬೆಂಗಳೂರಿನ ಒಬ್ಬ ಗ್ರಂಥಪಾಲಕರು, ಅವರ ಪರಿಚಯ ನನಗಾದದ್ದು ಇಂಥ ಒಂದು ಸಮ್ಮೇಳನದ ಊಟದ ಸಾಲಿನಲ್ಲಿ.

ಇಂಗ್ಲಿಷಿನ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಸಂಘದ ಕೋರ್ಸಿಗೆ ಬರುವವರಲ್ಲಿ ಅನೇಕರಿಗೆ ಇಂಗ್ಲಿಷ್ ಎರಡನೆಯ ಅಥವಾ ಮೂರನೆಯ ಭಾಷೆ. ನಿಧಾನವಾಗಿ ಮಾತನಾಡುವವರನ್ನು ಕಂಡರೆ ಅಲ್ಲಿ ಎಲ್ಲರಿಗೂ ನೆಮ್ಮದಿ.

ಉತ್ತರ: ಸಹಾಯಕ ಗ್ರಂಥಪಾಲಕ, ಬೆಂಗಳೂರು

ಕಾಗದಪತ್ರಗಳ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಅದರಲ್ಲಿ ಪೆಟ್ಟು ತಿಂದವನು ನಾನು. 2018ರ ಅಂತರರಾಷ್ಟ್ರೀಯ ಸಂಘದ ಕೋರ್ಸ್ ಲಕ್ಸೆಂಬರ್ಗಿನಲ್ಲಿ ನಡೆಯಿತು. ಆಗ ನಾನಿದ್ದ ಸಂಸ್ಥೆಯಲ್ಲಿ ನಿರಾಕ್ಷೇಪಣಾ ಪತ್ರಕ್ಕಾಗಿ ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ಮೂರು ತಿಂಗಳು ಓಡಾಡಿತು. ಗ್ರಂಥಪಾಲಕರಿಗೆ ಓಓಡಿ, ಅಂದರೆ ಕರ್ತವ್ಯದ ಮೇಲೆಯೇ ಹೊರಗೆ ಹೋಗುವ ಸೌಲಭ್ಯ ಉಂಟೋ ಇಲ್ಲವೋ ಎಂಬ ಒಂದು ಸಾಲಿನ ಟಿಪ್ಪಣಿಗೆ ಉತ್ತರ ಬರೆಯಲು ಯಾರೂ ಮುಂದಾಗಲಿಲ್ಲ. ಕೊನೆಗೆ ಗಳಿಕೆ ರಜೆ ಹಾಕಿ ಹೋದೆ. ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದದ್ದು ವಿಮಾನ ಹತ್ತುವ ನಾಲ್ಕು ದಿನ ಮೊದಲು. ಆದ್ದರಿಂದ ಸಾರಾಂಶ ಕಳುಹಿಸುವ ದಿನವೇ ನಿರಾಕ್ಷೇಪಣಾ ಪತ್ರದ ಅರ್ಜಿಯನ್ನೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಗದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಸಂಘಟಕರ ಆಹ್ವಾನಪತ್ರ, ಸಂಬಳದ ಚೀಟಿ, ಬ್ಯಾಂಕ್ ವಿವರ, ರಜೆ ಮಂಜೂರಾತಿಯ ಪತ್ರ, ವೆಚ್ಚ ಭರಿಸುವವರು ಯಾರೆಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ, ಇವೆಲ್ಲ ಜೊತೆಗಿರಬೇಕು. ಅಮೆರಿಕದ ವೀಸಾ ಆದರೆ ಸಂದರ್ಶನದ ದಿನಾಂಕಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಅದನ್ನು ಮೊದಲು ನೋಡಿಕೊಂಡೇ ಸಮ್ಮೇಳನ ಆರಿಸಿಕೊಳ್ಳಿ. ನೋಂದಣಿ ಶುಲ್ಕ ಕಟ್ಟುವ ಮುನ್ನ ನಿಮ್ಮ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕಾಗುತ್ತದೆ. ಇಲ್ಲದಿದ್ದರೆ ಹಣ ಹೋಗುವುದಿಲ್ಲ. ಬೋರ್ಡಿಂಗ್ ಪಾಸುಗಳನ್ನು ಎಸೆಯಬೇಡಿ, ಟಿಎ ಬಿಲ್ಲಿಗೆ ಲೆಕ್ಕಪತ್ರದವರು ಕೇಳುವುದು ಅದನ್ನೇ. ಸಸ್ಯಾಹಾರಿಗಳಾಗಿದ್ದರೆ ನಿಮ್ಮ ಭಾಗದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳಷ್ಟು ಅನುಕೂಲದ ಬುತ್ತಿ ಬೇರೆ ಇಲ್ಲ.

ಇಷ್ಟೆಲ್ಲ ಪಾಡು ಪಟ್ಟು ಹೋಗಿ ಕಂಡದ್ದೇನು ಎಂದರೆ, ಭಾಷೆಯ ಪ್ರಶ್ನೆಯನ್ನು ಅವರು ಹೇಗೆ ನಿಭಾಯಿಸುತ್ತಾರೆ ಎಂಬುದನ್ನು. ಲಕ್ಸೆಂಬರ್ಗ್ ನಮ್ಮ ಒಂದು ಜಿಲ್ಲೆಯಷ್ಟೂ ಇಲ್ಲದ ದೇಶ. ಮನೆಯಲ್ಲಿ ಜನ ಲಕ್ಸೆಂಬರ್ಗಿಶ್ ಮಾತನಾಡುತ್ತಾರೆ, ಆದರೆ ಅವರ ಕಾಯ್ದೆಗಳು ಇರುವುದು ಫ್ರೆಂಚಿನಲ್ಲಿ. ಅದೇ ಊರಿನಲ್ಲಿರುವ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ಎದುರು 24 ಅಧಿಕೃತ ಭಾಷೆಗಳಿವೆ. ಅಲ್ಲಿ ಅನುವಾದ ಮಾಡುವವರು ಬರಿಯ ಭಾಷಾಂತರಕಾರರಲ್ಲ. ಕಾನೂನು ಪದವಿ ಪಡೆದವರೇ ಆಗಿರಬೇಕು. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಕನ್ನಡದ ಸಾಕ್ಷ್ಯ, ಕನ್ನಡದ ತೀರ್ಪು. ಮೇಲ್ಮನವಿ ಹೈಕೋರ್ಟಿಗೆ ಹೋದೊಡನೆ ಎಲ್ಲವೂ ಇಂಗ್ಲಿಷ್. ಅದನ್ನು ಇಂಗ್ಲಿಷಿಗೆ ತಿರುಗಿಸುವವರ ಮೇಜಿನ ಮೇಲೆ ಒಂದು ಒಳ್ಳೆಯ ಕಾನೂನು ಪದಕೋಶವಾದರೂ ಇದೆಯೇ ಎಂದು ನಾನು ಯೋಚಿಸಿದ್ದು ಆ ಉಪನ್ಯಾಸಗಳನ್ನು ಕೇಳುತ್ತಾ ಕುಳಿತಾಗ. ಹಿಂದಿರುಗಿದ ಮೇಲೆ ನಮ್ಮಲ್ಲಿ ಕನ್ನಡದ ಕಾನೂನು ಪದಕೋಶಗಳಿಗೇ ಒಂದು ಪ್ರತ್ಯೇಕ ಕಪಾಟು ಮಾಡಿದೆ. ನನ್ನ ಪ್ರಯಾಣದಿಂದ ಓದುಗರಿಗೆ ದಕ್ಕಿದ್ದು ಅಷ್ಟು.

ಉತ್ತರ: ಗ್ರಂಥಾಲಯ ಸಹಾಯಕ, ತುಮಕೂರು

ಹಿರಿಯರು ಬೇಸರಿಸಬಾರದು, ನನ್ನದೊಂದು ಭಿನ್ನಾಭಿಪ್ರಾಯವಿದೆ. ಯುರೋಪಿನ ವಿಮಾನದ ಟಿಕೆಟ್, ವಸತಿ, ಶುಲ್ಕ ಎಲ್ಲ ಸೇರಿ ಲಕ್ಷ ದಾಟುತ್ತದೆ. ಅಷ್ಟು ಹಣದಲ್ಲಿ ಒಂದು ಕಾಲೇಜಿನ ಶಿಥಿಲವಾದ ಸಂಪುಟಗಳಿಗೆಲ್ಲ ರಟ್ಟು ಕಟ್ಟಿಸಬಹುದು. ಸುಪ್ರೀಂ ಕೋರ್ಟಿನ ತೀರ್ಪುಗಳೇ 2023ರಿಂದ ಇ-ಎಸ್‌ಸಿಆರ್ ಎಂಬ ಅಂತರ್ಜಾಲ ತಾಣದ ಮೂಲಕ ಉಚಿತವಾಗಿ ಸಿಗುತ್ತಿವೆ, ಜಗತ್ತಿನ ಉಪನ್ಯಾಸಗಳು ಮನೆಯಲ್ಲೇ ಕುಳಿತು ನೋಡಲು ಸಿಗುತ್ತವೆ. ಹೀಗಿರುವಾಗ ಚಹಾ ವೇಳೆಯ ಪರಿಚಯಗಳಿಗಾಗಿ ಇಷ್ಟು ವೆಚ್ಚ ಮಾಡುವುದು ನನಗೆ ಸರಿಯೆನಿಸುವುದಿಲ್ಲ.

ಉತ್ತರ: ನಿವೃತ್ತ ಗ್ರಂಥಪಾಲಕ, ಮೈಸೂರು

ತುಮಕೂರಿನವರ ಮಾತಿನಲ್ಲಿ ಹುರುಳಿದೆ. ರಟ್ಟಿನ ಹಣವನ್ನು ಕಿತ್ತು ವಿಮಾನಕ್ಕೆ ಕೊಡುವುದಾದರೆ ನಾನೂ ಬೇಡವೆನ್ನುತ್ತೇನೆ. ಆದರೆ ಪ್ರಯಾಣದಲ್ಲಿ ಸಿಗುವುದು ಯಾವಾಗಲೂ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿರುವುದಿಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರು 1924ರಲ್ಲಿ ಲಂಡನ್ನಿಗೆ ಹೋದದ್ದು ಗ್ರಂಥಾಲಯ ವಿಜ್ಞಾನದ ಪಾಠಕ್ಕಾಗಿ. ಪುಸ್ತಕಗಳ ವರ್ಗೀಕರಣದ ಹೊಳಹು ಸಿಕ್ಕಿದ್ದು ಒಂದು ಅಂಗಡಿಯಲ್ಲಿ ಮೆಕ್ಯಾನೊ ಎಂಬ ಮಕ್ಕಳ ಜೋಡಣೆಯ ಆಟಿಕೆಯನ್ನು ಕಂಡಾಗ. ಅವರು ತಮ್ಮ ದ್ವಿಬಿಂದು ವರ್ಗೀಕರಣದಲ್ಲಿ ಕಾನೂನಿಗೆ ಕೊಟ್ಟದ್ದು ಕೊನೆಯ ಅಕ್ಷರವಾದ ಝಡ್ ಎಂಬುದನ್ನು ಮಾತ್ರ ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಪ್ರಶ್ನೆ ಕೇಳಿದವರಿಂದ: ಗ್ರಂಥಪಾಲಕಿ, ಧಾರವಾಡ ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ತುಮಕೂರಿನವರಿಗೆ ಮೊದಲು ಉತ್ತರಿಸುತ್ತೇನೆ: ನಮ್ಮಲ್ಲಿ ರಟ್ಟು ಕಟ್ಟಿಸುವ ಹಣ ಬೇರೆ ಲೆಕ್ಕ ಶೀರ್ಷಿಕೆಯದು, ನಾನು ಪ್ರಯಾಣ ಬೇಡವೆಂದರೆ ಅದರ ಹಣ ಉಪನ್ಯಾಸಕರೊಬ್ಬರ ಪ್ರಯಾಣಕ್ಕೆ ಹೋಗುತ್ತದೆಯೇ ಹೊರತು ನನ್ನ ಸಂಪುಟಗಳಿಗೆ ಬರುವುದಿಲ್ಲ.

ಮೈಸೂರಿನ ಸರ್ ಅವರ ಮಾತನ್ನು ಓದಿದ ಮರುದಿನ ಬೆಳಿಗ್ಗೆ ನಾನು ಮಹಡಿಯ ಗೋದಾಮಿನ ಬೀಗ ತೆಗೆಸಿದೆ. ಕಳೆದ ವರ್ಷ ಸ್ಟಾಕ್ ವೆರಿಫಿಕೇಶನ್ ಮುಗಿದ ಮೇಲೆ ಜಾಗದ ಅಭಾವದಿಂದ ರದ್ದಿಗೆ ಹಾಕಲು ಒಂದು ಪಟ್ಟಿ ಮಾಡಿದ್ದೆ, ಸಮಿತಿಯ ಸಹಿಯೊಂದೇ ಬಾಕಿ ಇತ್ತು. ಆ ಪಟ್ಟಿಯಲ್ಲಿ 1876ರಿಂದ ಆರಂಭವಾಗುವ ಐಎಲ್‌ಆರ್ ಬಾಂಬೆ ಸರಣಿಯ ಮೂವತ್ತಕ್ಕೂ ಹೆಚ್ಚು ಸಂಪುಟಗಳಿವೆ. ಅಂಚಿನಲ್ಲಿ ಯಾರೋ ಹಳೆಯ ವಕೀಲರು ಪೆನ್ಸಿಲಿನಿಂದ ಕನ್ನಡ, ಮರಾಠಿ ಎರಡರಲ್ಲೂ ಟಿಪ್ಪಣಿ ಬರೆದ ಮುಂಬಯಿ ಭೂಕಂದಾಯ ಸಂಹಿತೆಯ ಎರಡು ಪ್ರತಿಗಳೂ ಇವೆ. ಅವನ್ನು ರದ್ದಿಯ ಪಟ್ಟಿಗೆ ಸೇರಿಸಿದ ಕೈ ನನ್ನದೇ. ಪಟ್ಟಿಯನ್ನು ಹಿಂದಕ್ಕೆ ಪಡೆದಿದ್ದೇನೆ.

ಅಂತರರಾಷ್ಟ್ರೀಯ ಸಂಘದ ಕೋರ್ಸಿಗೇ ಹೋಗುವುದೆಂದು ನಿರ್ಧರಿಸಿ ಸಹಾಯಧನಕ್ಕೆ ಅರ್ಜಿಯನ್ನು ಬರೆಯುತ್ತಿದ್ದೇನೆ. ನಿರಾಕ್ಷೇಪಣಾ ಪತ್ರದ ಅರ್ಜಿಗೆ ಮೊನ್ನೆಯೇ ಮೊಹರು ಹಾಕಿಸಿಕೊಂಡಿದ್ದೇನೆ. ಹೊಸ ಟಿಪ್ಪಣಿಯ ವಿಷಯ, 1956ರಿಂದ 1964ರವರೆಗೆ ಒಂದೇ ರಾಜ್ಯದೊಳಗೆ ನಡೆಯುತ್ತಿದ್ದ ಐದು ಭೂಕಂದಾಯ ಕಾನೂನುಗಳನ್ನು ಸಂಶೋಧಕರು ಎಲ್ಲಿ, ಹೇಗೆ ಹುಡುಕಬೇಕು ಎಂಬುದು. ಉಪನ್ಯಾಸಕ್ಕೆ ಅವಕಾಶ ಸಿಗದಿದ್ದರೂ ಎರಡು ಪುಟದ ಮಾರ್ಗಸೂಚಿಯಾಗಿ ಅಚ್ಚುಹಾಕಿಸಿ ಕೈಯಲ್ಲಿಟ್ಟುಕೊಂಡು ಹೋಗುತ್ತೇನೆ. ಮುಂಬಯಿಯ ಭಾಗ ನನ್ನಲ್ಲಿದೆ, ಮೈಸೂರಿನದನ್ನು ಸರ್ ಕೊಡುತ್ತೇನೆಂದು ಫೋನಿನಲ್ಲಿ ಹೇಳಿದ್ದಾರೆ. ಹೈದರಾಬಾದಿನ 1317ನೆಯ ಫಸಲಿಯ ಕಾಯ್ದೆಯ ಮೂಲ ಉರ್ದು ಪ್ರತಿ ಮಾತ್ರ ಎಲ್ಲಿಯೂ ಸಿಕ್ಕಿಲ್ಲ. ಇಂಗ್ಲಿಷ್ ಅನುವಾದ ಒಂದೇ ಇದೆ. ಆ ಭಾಗದವರಲ್ಲಿ ಯಾರ ಬಳಿಯಾದರೂ ಅದು ಇದ್ದರೆ ಶೀರ್ಷಿಕೆ ಪುಟದ ಚಿತ್ರವನ್ನಾದರೂ ಕಳುಹಿಸಲು ಸಾಧ್ಯವೇ?

ಉತ್ತರ: ವಕೀಲ, ಕಲಬುರಗಿ

ನಾನು ಗ್ರಂಥಪಾಲಕನಲ್ಲ, ಇಲ್ಲಿ ಓದಲಷ್ಟೇ ಬರುತ್ತೇನೆ. ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಇಲ್ಲಿಯೇ ವಕೀಲರಾಗಿದ್ದರು. ಅವರ ಟ್ರಂಕಿನಲ್ಲಿ ಉರ್ದುವಿನ ಕಾಯ್ದೆ ಪುಸ್ತಕಗಳು ಹತ್ತು ಹನ್ನೆರಡು ಇವೆ. ನನಗೆ ಉರ್ದು ಓದಲು ಬರುವುದಿಲ್ಲ, ಆದರೆ ಅಂಕಿಗಳನ್ನು ಅಜ್ಜ ಕಲಿಸಿದ್ದರು. ಒಂದರ ಬೆನ್ನಿನ ಮೇಲೆ 1317 ಎಂದಿರುವುದನ್ನು ಈಗ ತಾನೇ ನೋಡಿ ಬಂದೆ. ಶೀರ್ಷಿಕೆ ಪುಟವನ್ನು ಗೆದ್ದಲು ತಿಂದಿದೆ, ಒಳಗಿನ ಪುಟಗಳು ಚೆನ್ನಾಗಿವೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಂದ ಓದಿಸಿ, ಅದೇ ಕಾಯ್ದೆ ಹೌದೆಂದಾದರೆ ಭಾನುವಾರ ಎಲ್ಲ ಪುಟಗಳ ಚಿತ್ರ ತೆಗೆದು ಕಳುಹಿಸುತ್ತೇನೆ.